ಡ್ರೈವ್‌ವೇ ಅಡಿ ಪೈಪ್ ಸೋರುತ್ತಿದೆ, ಹೋಮ್ ಎಮರ್ಜೆನ್ಸಿ ವಿಮೆಯಿಂದ ದುಡ್ಡು ಬರುತ್ತದಾ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್ ಹತ್ತಿರ ಇದ್ದೇವೆ. 1950ರ ದಶಕದ ಸೆಮಿ-ಡಿಟ್ಯಾಚ್ಡ್ ಮನೆ, ಸ್ವಂತದ್ದು. ಮೀಟರ್ ರಾತ್ರಿ ಹೊತ್ತೂ ಓಡುತ್ತಿದೆ, ಎಲ್ಲೋ ಸೋರಿಕೆ ಇದೆ, ಬೇಗ ಸರಿಮಾಡಿಸಿ ಅಂತ ಮೂರು ವಾರದ ಹಿಂದೆ ವಾಟರ್ ಕಂಪನಿಯಿಂದ ಪತ್ರ ಬಂತು. ಒಳಗಿನ ಸ್ಟಾಪ್ ಟ್ಯಾಪ್ (ಮನೆಗೆ ಬರುವ ನೀರನ್ನು ನಿಲ್ಲಿಸುವ ನಲ್ಲಿ) ಮುಚ್ಚಿ ನೋಡಿದೆ. ಆದರೂ ಹತ್ತು ನಿಮಿಷಕ್ಕೆ 6 ಲೀಟರ್ ಏರಿತು. ಡ್ರೈವ್‌ವೇ ಒಂದು ಕಡೆ ಸದಾ ಒದ್ದೆ. ನಮ್ಮ ಹೋಮ್ ಇನ್ಶೂರೆನ್ಸ್ ಜೊತೆ ಹೋಮ್ ಎಮರ್ಜೆನ್ಸಿ ಕವರ್ ಇದೆ, ಮಿತಿ 500 ಪೌಂಡ್. ಫೋನ್ ಮಾಡಿದರೆ ‘ಮನೆಯೊಳಗೆ ನೀರು ಬಂದಿಲ್ಲ ಅಂದಮೇಲೆ ಎಮರ್ಜೆನ್ಸಿ ಅಲ್ಲ’ ಅಂದರು. ಹೊಸ ಪೈಪ್ ಹಾಕಲು ಪ್ಲಂಬರ್ ಒಬ್ಬರು 1,800 ಪೌಂಡ್ ಕೇಳುತ್ತಿದ್ದಾರೆ. ವಿಮೆಯವರು ಕೊಡಲೇಬೇಕಲ್ವಾ? ನಾವೇ ಮಾಡಿಸಿ ಆಮೇಲೆ ಬಿಲ್ ಕಳಿಸಿದರೆ ಆಗುತ್ತದಾ? ಈ ಕವರ್‌ಗೆ ದುಡ್ಡು ಕಟ್ಟುವುದೇ ದಂಡವಾ?

ಉತ್ತರ: ಎರಡನೇ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದರಲ್ಲಿ ಎಡವಿದರೆ ಉಳಿದಿದ್ದೆಲ್ಲ ಕೆಡುತ್ತದೆ. ನೀವೇ ಮಾಡಿಸಿ ಆಮೇಲೆ ಬಿಲ್ ಕಳಿಸಬೇಡಿ. ಹೋಮ್ ಎಮರ್ಜೆನ್ಸಿ ಕವರ್ ಅನ್ನುವುದು ಖರ್ಚು ಮಾಡಿ ವಾಪಸ್ ಪಡೆಯುವ ವಿಮೆ ಅಲ್ಲ. ಅವರು ತಮ್ಮ ಕಡೆಯ ಮನುಷ್ಯನನ್ನು ಕಳಿಸುತ್ತಾರೆ, ಅವನ ಕೂಲಿ, ಸಾಮಾನು, ವ್ಯಾಟ್ ಎಲ್ಲ ಸೇರಿ ಮಿತಿಯವರೆಗೆ ಅವರೇ ಕೊಡುತ್ತಾರೆ. ಅವರ ಒಪ್ಪಿಗೆ ಇಲ್ಲದೆ ನೀವು ಕರೆಸಿದ ಪ್ಲಂಬರ್‌ನ ಬಿಲ್ ಕೊಡುವುದಿಲ್ಲ ಅಂತ ಹೆಚ್ಚುಕಮ್ಮಿ ಎಲ್ಲ ಪಾಲಿಸಿಗಳಲ್ಲೂ ಬರೆದಿರುತ್ತದೆ. ಅವರ ಬಳಿ ಜನ ಇಲ್ಲದಿದ್ದರೆ ‘ನೀವೇ ಮಾಡಿಸಿ, ನಾವು ಕೊಡುತ್ತೇವೆ’ ಅನ್ನುವುದುಂಟು. ಆಗ ಆ ಮಾತನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಂಬಿ ಅಗೆಸಲು ಶುರು ಮಾಡಬೇಡಿ.

ಇನ್ನು ಮೊದಲ ಪ್ರಶ್ನೆ. ಕೊಡಲೇಬೇಕು ಅಂತ ಇಲ್ಲ, ಕೊಡುವುದೇ ಇಲ್ಲ ಅಂತಲೂ ಇಲ್ಲ. ನಿಮ್ಮ ವಿಷಯದಲ್ಲಿ ದುಡ್ಡು ಬರಬಹುದಾದ ಕಡೆ ಮೂರಿವೆ: ವಾಟರ್ ಕಂಪನಿ, ಹೋಮ್ ಎಮರ್ಜೆನ್ಸಿ, ಬಿಲ್ಡಿಂಗ್ಸ್ ಇನ್ಶೂರೆನ್ಸ್ (ಮನೆಯ ಕಟ್ಟಡಕ್ಕಿರುವ ವಿಮೆ). ನೀವು ಎರಡನೆಯದರಿಂದ ಶುರು ಮಾಡಿದ್ದೀರಿ. ನಾನಾಗಿದ್ದರೆ ಮೊದಲನೆಯದರಿಂದ ಶುರು ಮಾಡುತ್ತಿದ್ದೆ.

ಯಾಕೆ ಅಂತ ಹೇಳಬೇಕಾದರೆ, ಸೋರುತ್ತಿರುವ ಪೈಪ್ ಯಾರದು ಅಂತ ಮೊದಲು ಗೊತ್ತಾಗಬೇಕು. ರಸ್ತೆಯಡಿಯ ದೊಡ್ಡ ಮೇನ್ ಪೈಪಿನಿಂದ ನಿಮ್ಮ ಜಾಗದ ಗಡಿಯವರೆಗೆ ಬರುವ ತುಂಡು ಕಂಪನಿಯದು. ಗಡಿಯಲ್ಲಿ, ಸಾಮಾನ್ಯವಾಗಿ ಫುಟ್‌ಪಾತ್‌ನಲ್ಲಿ, ಸಣ್ಣ ಮುಚ್ಚಳದ ಕೆಳಗೆ ಹೊರಗಿನ ಸ್ಟಾಪ್ ಟ್ಯಾಪ್ ಇರುತ್ತದೆ. ಮೀಟರ್ ಇದ್ದರೆ ಅದೂ ಹೆಚ್ಚಾಗಿ ಅಲ್ಲೇ. ಅಲ್ಲಿಂದ ನಿಮ್ಮ ಅಡುಗೆಮನೆಯ ಸಿಂಕ್ ಕೆಳಗಿನ ಸ್ಟಾಪ್ ಟ್ಯಾಪ್‌ವರೆಗಿನ ತುಂಡಿಗೆ ಸಪ್ಲೈ ಪೈಪ್ ಅನ್ನುತ್ತಾರೆ. ಅದು ಮನೆಯವರದು. ಮಣ್ಣಿನಡಿ ಇದೆ, ಕಣ್ಣಿಗೆ ಕಾಣುವುದಿಲ್ಲ, ಆದರೂ ನಿಮ್ಮದೇ.

ನೀವು ಮಾಡಿದ ಪರೀಕ್ಷೆ ಸರಿಯಾದದ್ದು. ಒಳಗಿನ ಸ್ಟಾಪ್ ಟ್ಯಾಪ್ ಮುಚ್ಚಿದಾಗ ಮೀಟರ್ ನಿಂತಿದ್ದರೆ ಸೋರಿಕೆ ಮನೆಯೊಳಗೆ ಅಂತ ಅರ್ಥ. ಹೆಚ್ಚಿನ ಸಲ ಟಾಯ್ಲೆಟ್‌ನ ಫ್ಲಶ್ ಟ್ಯಾಂಕ್‌ನಿಂದ ಸದ್ದಿಲ್ಲದೆ ಇಳಿಯುವ ನೀರು ಅದು. ನಿಮ್ಮಲ್ಲಿ ನಿಲ್ಲಲಿಲ್ಲ. ಅಂದರೆ ಮೀಟರ್‌ಗೂ ಸ್ಟಾಪ್ ಟ್ಯಾಪ್‌ಗೂ ನಡುವೆ ನೀರು ಹೋಗುತ್ತಿದೆ. ಒಂದೇ ಅನುಮಾನ ಉಳಿಯುತ್ತದೆ: ಹಳೆಯ ಸ್ಟಾಪ್ ಟ್ಯಾಪ್‌ಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಚ್ಚಿದ ಮೇಲೆ ಅಡುಗೆಮನೆಯ ತಣ್ಣೀರಿನ ನಲ್ಲಿ ತೆರೆದು ನೋಡಿ. ಪೈಪಿನಲ್ಲಿ ಉಳಿದ ನೀರು ಬಸಿದ ಮೇಲೂ ಸಣ್ಣ ಎಳೆಯಾಗಿ ಬರುತ್ತಲೇ ಇದ್ದರೆ ಪರೀಕ್ಷೆಯನ್ನು ಅಷ್ಟು ನಂಬುವಂತಿಲ್ಲ. ಇನ್ನೊಮ್ಮೆ ಮೀಟರ್ ನೋಡುವಾಗ ಮೇಲಿನ ಥರ್ಮೋಕೋಲ್ ಮುಚ್ಚಳ ತೆಗೆದು, ಗಾಜಿನ ಮೇಲಿನ ಕೆಸರು ಒರೆಸಿ, ಫೋಟೋ ತೆಗೆಯಿರಿ. ಕಪ್ಪು ಅಂಕಿ ಘನ ಮೀಟರ್ (1,000 ಲೀಟರ್), ಕೆಂಪು ಅಂಕಿ ಅದಕ್ಕಿಂತ ಸಣ್ಣ ಪ್ರಮಾಣ, ಅಂದರೆ ಲೀಟರ್. ಅರ್ಧ ಗಂಟೆ ಬಿಟ್ಟು ಇನ್ನೊಂದು ಫೋಟೋ. ಸಮಯ ಫೋನಿನಲ್ಲೇ ದಾಖಲಾಗುತ್ತದೆ. ಮುಂದೆ ಮೂರೂ ಕಡೆ ಇದೇ ನಿಮ್ಮ ಸಾಕ್ಷಿ.

ಹತ್ತು ನಿಮಿಷಕ್ಕೆ 6 ಲೀಟರ್ ಅಂದರೆ ಕಡಿಮೆ ಏನಲ್ಲ. ಗಂಟೆಗೆ 36 ಲೀಟರ್, ದಿನಕ್ಕೆ 864 ಲೀಟರ್, ತಿಂಗಳಿಗೆ ಸುಮಾರು 26 ಘನ ಮೀಟರ್. ಇಂಗ್ಲೆಂಡಿನಲ್ಲಿ ಒಬ್ಬರು ದಿನಕ್ಕೆ ಬಳಸುವ ನೀರು ಸುಮಾರು 140 ಲೀಟರ್. ಹಾಗಾಗಿ ನಿಮ್ಮ ಮನೆಯಲ್ಲಿ ಕಾಣದ ಆರು ಜನ ಹೆಚ್ಚಿಗೆ ಇದ್ದಂತೆ. ‘ಎಮರ್ಜೆನ್ಸಿ ಅಲ್ಲ’ ಅಂದವರಿಗೆ ಈ ಲೆಕ್ಕ ಹೇಳಿದಿರಾ? ಇಲ್ಲ ಅನಿಸುತ್ತದೆ. ‘ಡ್ರೈವ್‌ವೇ ಒದ್ದೆ ಇದೆ’ ಅಂದಿರುತ್ತೀರಿ, ಅವರು ಒದ್ದೆ ಅಂತ ಬರೆದುಕೊಂಡಿರುತ್ತಾರೆ.

ವಾಟರ್ ಕಂಪನಿಗೆ ಫೋನ್ ಮಾಡಿದಾಗ ಕೇಳಬೇಕಾದ್ದು ಇದು. ಸೋರಿಕೆ ನಿಖರವಾಗಿ ಎಲ್ಲಿ ಅಂತ ಪತ್ತೆ ಮಾಡಲು ನಿಮ್ಮವರನ್ನು ಕಳಿಸುತ್ತೀರಾ? ಮನೆಯವರ ಸಪ್ಲೈ ಪೈಪ್ ರಿಪೇರಿಗೆ ನಿಮ್ಮಲ್ಲಿ ಉಚಿತ ಅಥವಾ ರಿಯಾಯಿತಿ ಯೋಜನೆ ಇದೆಯಾ? ಹಲವು ಕಂಪನಿಗಳಲ್ಲಿ ಇದೆ, ಆದರೆ ಕೇಳದೆ ಇದ್ದರೆ ಪತ್ರದಲ್ಲಿ ಸಣ್ಣ ಅಕ್ಷರದಲ್ಲೇ ಉಳಿಯುತ್ತದೆ. ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಮೊದಲ ಸಲ ಮಾತ್ರ ಮಾಡಿಕೊಡುತ್ತಾರೆ. ಕೆಲವರು ಕಟ್ಟಡದ ಅಡಿಯಲ್ಲಿ ಹಾದುಹೋಗುವ ಪೈಪ್ ಮುಟ್ಟುವುದಿಲ್ಲ. ಅಗೆದ ಗುಂಡಿ ಮುಚ್ಚಿಕೊಡುತ್ತಾರೆ, ಮೇಲಿನ ಚಂದದ ಕಲ್ಲುಹಾಸು ಮೊದಲಿನ ಹಾಗೆ ಮಾಡಿಕೊಡುವುದಿಲ್ಲ. ಆದರೂ 500 ಪೌಂಡ್ ಮಿತಿಯ ವಿಮೆ ಹಿಡಿದು ಎಳೆದಾಡುವುದಕ್ಕಿಂತ ಈ ದಾರಿ ಎಷ್ಟೋ ಮೇಲು.

ಪತ್ತೆ ಮಾಡಲು ಬರುವವರು ಮೊದಲು ಸರಳ ಕೆಲಸವನ್ನೇ ಮಾಡುತ್ತಾರೆ. ಉದ್ದನೆಯ ಲೋಹದ ಕಡ್ಡಿಯ ಒಂದು ತುದಿಯನ್ನು ಸ್ಟಾಪ್ ಟ್ಯಾಪ್ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಡುತ್ತಾರೆ. ಒತ್ತಡದಲ್ಲಿ ನುಗ್ಗುವ ನೀರಿನ ಸುಯ್ ಸದ್ದು ಪೈಪ್ ಉದ್ದಕ್ಕೂ ಹರಿದು ಬರುತ್ತದೆ. ತಾಮ್ರ, ಕಬ್ಬಿಣದ ಪೈಪಿನಲ್ಲಿ ಚೆನ್ನಾಗಿ ಕೇಳುತ್ತದೆ, ಪ್ಲಾಸ್ಟಿಕ್‌ನಲ್ಲಿ ಅಷ್ಟಾಗಿ ಇಲ್ಲ. ಡ್ರೈವ್‌ವೇ ಒದ್ದೆಯಾದ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ನೀರು ಪೈಪಿನ ಪಕ್ಕದ ಸಡಿಲ ಮಣ್ಣಿನಲ್ಲಿ ಹರಿದು, ದಾರಿ ಸಿಕ್ಕಲ್ಲಿ ಮೇಲೆ ಬರುತ್ತದೆ. ಆ ಜಾಗದಲ್ಲೇ ಸುಮ್ನೆ ಅಗೆಸಿದರೆ ಬರೀ ಕೆಸರು ಸಿಗುತ್ತದೆ.

ಇನ್ನೆರಡು ವಿಷಯ ಕಂಪನಿಯ ಹತ್ತಿರವೇ ಕೇಳಿ. ಒಂದು, ಪೈಪ್ ನಿಮ್ಮೊಬ್ಬರದಾ, ಪಕ್ಕದ ಮನೆಯ ಜೊತೆ ಹಂಚಿಕೊಂಡದ್ದಾ? ಆ ಕಾಲದ ಮನೆಗಳಲ್ಲಿ ಒಂದೇ ಪೈಪ್ ಬಂದು ಎರಡು ಮನೆಗೆ ಕವಲೊಡೆಯುವುದುಂಟು. ಹಂಚಿಕೊಂಡ ಭಾಗದಲ್ಲಿ ಸೋರಿದರೆ ಹೊಣೆ ಇಬ್ಬರದ್ದೂ, ಮತ್ತು ಹೋಮ್ ಎಮರ್ಜೆನ್ಸಿಯವರು ಅಂಥ ಪೈಪಿಗೆ ಕೈಯೆತ್ತಿಬಿಡುವುದೇ ಜಾಸ್ತಿ. ಇನ್ನೊಂದು, ಪೈಪ್ ಸೀಸದ್ದಾ? 1970ಕ್ಕಿಂತ ಮೊದಲು ಕಟ್ಟಿದ ಮನೆಗಳಲ್ಲಿ ಸೀಸದ ಪೈಪ್ ಇರಬಹುದು. ಸಿಂಕ್ ಕೆಳಗೆ ಗೋಡೆಯಿಂದ ಹೊರಬರುವ ತುಂಡನ್ನು ನಾಣ್ಯದ ಅಂಚಿನಿಂದ ಮೆಲ್ಲಗೆ ಕೆರೆದು ನೋಡಿ. ಮಬ್ಬು ಬೂದು ಬಣ್ಣದ ಕೆಳಗೆ ಬೆಳ್ಳಿಯಂತೆ ಹೊಳೆದು, ಮೆತ್ತಗಿದ್ದರೆ ಸೀಸ. ಆಗ ತುಂಡು ರಿಪೇರಿಯ ಯೋಚನೆಯನ್ನೇ ಬಿಟ್ಟು ಪೂರ್ತಿ ಬದಲಾಯಿಸುವುದು ಒಳ್ಳೆಯದು. ‘ನನ್ನ ಭಾಗ ಬದಲಾಯಿಸುತ್ತಿದ್ದೇನೆ, ನಿಮ್ಮ ಭಾಗದ ಸೀಸವನ್ನೂ ತೆಗೆಯಿರಿ’ ಅಂತ ಕಂಪನಿಗೆ ಬರೆದು ಕೇಳಿ.

ಕಂಪನಿಯ ಪತ್ರವನ್ನು ಮಾತ್ರ ಮೂಲೆಗೆ ಹಾಕಬೇಡಿ. 1991ರ ವಾಟರ್ ಇಂಡಸ್ಟ್ರಿ ಆಕ್ಟ್ ಪ್ರಕಾರ ನೀರು ಪೋಲಾಗುತ್ತಿದ್ದರೆ ಸರಿಮಾಡಿಸಿ ಅಂತ ನೋಟಿಸ್ ಕೊಡುವ ಅಧಿಕಾರ ಅವರಿಗಿದೆ. ನೋಟಿಸಿನ ಗಡುವು ಮೀರಿದರೆ ಅವರೇ ಮಾಡಿಸಿ ಖರ್ಚನ್ನು ನಿಮ್ಮಿಂದ ವಸೂಲು ಮಾಡಬಹುದು. ಈಗ ಬಂದಿರುವುದು ಬರೀ ತಿಳುವಳಿಕೆ ಪತ್ರವಾ, ಕಾನೂನಿನ ನೋಟಿಸ್ಸಾ ಅಂತ ಓದಿ ನೋಡಿ. ನೋಟಿಸ್ ಆಗಿದ್ದರೆ ‘ವಿಮೆಯವರ ಜೊತೆ ಮಾತಾಡುತ್ತಿದ್ದೇನೆ, ಇಷ್ಟು ದಿನ ಸಮಯ ಕೊಡಿ’ ಅಂತ ಇವತ್ತೇ ಒಂದು ಇಮೇಲ್ ಹಾಕಿ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಈಗ ಹೋಮ್ ಎಮರ್ಜೆನ್ಸಿ ಪಾಲಿಸಿಗೆ ಬರೋಣ. ಪುಸ್ತಕ ಪೂರ್ತಿ ಓದುವುದು ಬೇಡ, ಆದರೆ ‘ಎಮರ್ಜೆನ್ಸಿ’ ಮತ್ತು ‘ಮನೆ’ ಅಂದರೆ ಏನು ಅಂತ ಅರ್ಥ ಕೊಟ್ಟಿರುವ ಪುಟವನ್ನು ನಿಧಾನವಾಗಿ ಓದಿ. ಎಮರ್ಜೆನ್ಸಿಗೆ ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ: ಇದ್ದಕ್ಕಿದ್ದಂತೆ, ನಿರೀಕ್ಷೆ ಇಲ್ಲದೆ ಆದದ್ದು, ತಕ್ಷಣ ಏನಾದರೂ ಮಾಡದಿದ್ದರೆ ಮನೆಗೆ ಹಾನಿ ಆಗುವಂಥದ್ದು, ಅಥವಾ ಮನೆಯಲ್ಲಿ ಇರಲು ಆಗದಂತೆ ಮಾಡುವಂಥದ್ದು. ಇಲ್ಲಿ ‘ಹಾನಿ ಆಗುವಂಥದ್ದು’ ಅಂತ ಇದ್ದರೆ, ಮನೆಯೊಳಗೆ ನೀರು ಬಂದೇ ಇರಬೇಕು ಅನ್ನುವ ಮಾತು ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ದಿನಕ್ಕೆ 864 ಲೀಟರ್ ನೀರು ನಿಮ್ಮ ತಳಪಾಯದ ಹತ್ತಿರದ ಮಣ್ಣಿಗೆ ಇಳಿಯುತ್ತಿದ್ದರೆ ಅದು ಹಾನಿಯ ದಾರಿಯೇ. ಮುಂದಿನ ಗೋಡೆಯ ಬುಡದಲ್ಲಿ ಒದ್ದೆ ಇದೆಯಾ, ಮರದ ನೆಲ ಇದ್ದರೆ ಅದರ ಕೆಳಗೆ ನೀರು ನಿಂತಿದೆಯಾ, ಕಲ್ಲುಹಾಸು ಕುಸಿದಿದೆಯಾ, ನಲ್ಲಿಯಲ್ಲಿ ನೀರಿನ ಒತ್ತಡ ಕಡಿಮೆಯಾಗಿದೆಯಾ, ನೋಡಿ. ಇದ್ದರೆ ಫೋಟೋ ಸಮೇತ ಹೇಳಿ. ಇಲ್ಲದ್ದನ್ನು ಸೇರಿಸಬೇಡಿ. ‘ಇವತ್ತೇ ಗೊತ್ತಾಯಿತು’ ಅನ್ನಬೇಡಿ, ಮೂರು ವಾರದ ಹಿಂದಿನ ಪತ್ರ ಅವರ ಕೈಗೆ ಸಿಕ್ಕೇ ಸಿಗುತ್ತದೆ. ಆಮೇಲೆ ನೀವು ನಿಜ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೂರು ವಾರ ಕಾದದ್ದು ನಿಮಗೆ ಸ್ವಲ್ಪ ಅಡ್ಡ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತಕ್ಷಣದ ಕೆಲಸ ಅನ್ನುವವರು ಮೂರು ವಾರ ಯಾಕೆ ಸುಮ್ಮನಿದ್ದಿರಿ ಅಂತ ಅವರು ಕೇಳುತ್ತಾರೆ. ಪತ್ರ ಬಂದಿದ್ದು ಯಾವಾಗ, ಪರೀಕ್ಷೆ ಮಾಡಿದ್ದು ಯಾವಾಗ, ಒದ್ದೆ ಕಂಡಿದ್ದು ಯಾವಾಗ ಅಂತ ತಾರೀಖು ಹಾಕಿ ಬರೆದಿಡಿ. ಸೋರಿಕೆ ಇರಬಹುದು ಅನ್ನುವುದು ಬೇರೆ, ನಮ್ಮ ಪೈಪಿನಲ್ಲೇ ಇದೆ ಅಂತ ಖಾತ್ರಿಯಾಗುವುದು ಬೇರೆ.

‘ಮನೆ’ಯ ಅರ್ಥ ಇದಕ್ಕಿಂತ ದೊಡ್ಡ ತೊಡಕು. ಕೆಲವು ಪಾಲಿಸಿಗಳಲ್ಲಿ ಮನೆ ಅಂದರೆ ಗೋಡೆಯೊಳಗಿನದು ಮಾತ್ರ. ಕೆಲವದರಲ್ಲಿ ‘ನಿಮ್ಮ ಗಡಿಯೊಳಗಿನ, ನಿಮ್ಮ ಹೊಣೆಯಲ್ಲಿರುವ ನೀರಿನ ಸಪ್ಲೈ ಪೈಪ್’ ಅಂತ ಸ್ಪಷ್ಟವಾಗಿ ಸೇರಿಸಿರುತ್ತಾರೆ. ನಿಮ್ಮದರಲ್ಲಿ ಎರಡನೆಯದು ಇದ್ದರೆ ಫೋನಿನಲ್ಲಿ ಮಾತಾಡಿದವರು ತಪ್ಪು ಹೇಳಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಹೊರಗಿನ ಪೈಪಿಗೂ ಕವರ್ ಕೊಟ್ಟು, ಒಳಗೆ ನೀರು ಬಂದರೆ ಮಾತ್ರ ಬರುತ್ತೇವೆ ಅನ್ನುವುದಕ್ಕೆ ಅರ್ಥವೇ ಇಲ್ಲ. ಮೊದಲನೆಯದು ಇದ್ದರೆ ವಾದ ಮಾಡುತ್ತಾ ಕೂರಬೇಡಿ, ಆ ಬಾಗಿಲು ಮುಚ್ಚಿದೆ.

ಒಪ್ಪಿದರು ಅಂತಲೇ ಇಟ್ಟುಕೊಳ್ಳಿ. ಆಗಲೂ 500 ಪೌಂಡಿನಲ್ಲಿ ಏನಾಗುತ್ತದೆ? ಜಾಗ ಗೊತ್ತಿದ್ದು, ಆಳ ಜಾಸ್ತಿ ಇಲ್ಲದಿದ್ದರೆ, ಒಂದು ಗುಂಡಿ ತೋಡಿ, ಒಡೆದ ತುಂಡು ಕತ್ತರಿಸಿ, ಕಪ್ಲಿಂಗ್ ಹಾಕಿ ಹೋಗಬಹುದು. ಕೆಲವರು ಬಿರುಕಿನ ಮೇಲೆ ಕ್ಲ್ಯಾಂಪ್ ಬಿಗಿದು ತಾತ್ಕಾಲಿಕ ರಿಪೇರಿ ಅನ್ನುತ್ತಾರೆ. ಪಾಲಿಸಿಯಲ್ಲಿ ಅಷ್ಟೇ ಬರೆದಿದ್ದರೆ ಅಷ್ಟಕ್ಕೇ ಹಕ್ಕು. ಪೂರ್ತಿ ಹೊಸ ಪೈಪ್ ಅವರು ಹಾಕಿಕೊಡುವುದಿಲ್ಲ. ಮಿತಿ ಮೀರುವಂತಿದ್ದರೆ ಕೆಲಸಕ್ಕೆ ಮೊದಲೇ ಮೇಲಿನ ದುಡ್ಡು ಕೇಳುತ್ತಾರೆ. ಹಾಗಾಗಿ ಆ ಮನುಷ್ಯ ಬರುವ ಮೊದಲೇ ಸೋರುವ ಜಾಗ ಪತ್ತೆಯಾಗಿರುವುದು ನಿಮಗೆ ಲಾಭ. ಇಲ್ಲದಿದ್ದರೆ ಹುಡುಕುವುದರಲ್ಲೇ 500 ಮುಗಿದು, ಸೋರಿಕೆ ಹಾಗೇ ಉಳಿಯುತ್ತದೆ. ವಾಟರ್ ಕಂಪನಿ ಮೊದಲು ಅಂದದ್ದು ಇದಕ್ಕೂ ಸೇರಿಸಿ.

ಬಿಲ್ಡಿಂಗ್ಸ್ ಇನ್ಶೂರೆನ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೆ ನೋಡಬೇಕು. ಅದರಲ್ಲಿ ‘ನೆಲದಡಿಯ ಪೈಪುಗಳಿಗೆ ಆಕಸ್ಮಿಕ ಹಾನಿ’ ಮತ್ತು ‘ಟ್ರೇಸ್ ಆ್ಯಂಡ್ ಆ್ಯಕ್ಸೆಸ್’ ಅಂತ ಎರಡು ಸಾಲು ಇರಬಹುದು. ಮೊದಲನೆಯದು, ಮರದ ಬೇರು ಒತ್ತಿಯೋ ಯಾರೋ ಅಗೆಯುವಾಗ ತಗುಲಿಯೋ ಪೈಪ್ ಒಡೆದಿದ್ದರೆ ಉಪಯೋಗಕ್ಕೆ ಬರುತ್ತದೆ. ವಯಸ್ಸಾಗಿ ತುಕ್ಕು ಹಿಡಿದು ಸೋರಿದರೆ ಇಲ್ಲ. ಎರಡನೆಯದು ಸೋರಿಕೆ ಹುಡುಕಲು ಅಗೆದು, ಆಮೇಲೆ ಮುಚ್ಚಿ ಸರಿಮಾಡುವ ಖರ್ಚು. ಪೈಪಿನ ರಿಪೇರಿ ಅದರಲ್ಲಿ ಸೇರಿರುವುದಿಲ್ಲ, ಕೆಲವದರಲ್ಲಿ ಗೋಡೆಯ ಹೊರಗಿನ ಅಗೆತವೂ ಇಲ್ಲ. ನೀರಿನ ಕ್ಲೇಮ್‌ಗಳಿಗೆ ಎಕ್ಸೆಸ್ (ಪ್ರತಿ ಕ್ಲೇಮ್‌ನಲ್ಲಿ ನೀವೇ ಹೊರಬೇಕಾದ ಮೊತ್ತ) ಬೇರೆ ಜಾಸ್ತಿ ಇರುತ್ತದೆ, ಮುಂದಿನ ವರ್ಷದ ಪ್ರೀಮಿಯಂ ಕೂಡ ಏರಬಹುದು. ನೆಲ, ಗೋಡೆಗೆ ನಿಜವಾದ ಹಾನಿ ಆಗಿಲ್ಲದಿದ್ದರೆ ಆ ಕಡೆ ಹೋಗಬೇಡಿ ಅಂತಲೇ ನನ್ನ ಸಲಹೆ.

ಪಾಲಿಸಿ ನಿಮ್ಮ ಪರ ಇದ್ದೂ ಹೋಮ್ ಎಮರ್ಜೆನ್ಸಿಯವರು ಇಲ್ಲ ಅಂದರೆ ‘ಇದನ್ನು ದೂರು ಅಂತ ದಾಖಲಿಸಿ’ ಅನ್ನುವ ಮಾತನ್ನು ಸ್ಪಷ್ಟವಾಗಿ ಬರೆಯಿರಿ. ಪಾಲಿಸಿಯ ಸಾಲು, ಮೀಟರ್ ಫೋಟೋ, ಲೆಕ್ಕ, ಇಷ್ಟು ಸಾಕು, ಪುಟಗಟ್ಟಲೆ ಬೇಡ. ಕೊನೆಯ ಉತ್ತರ ಕೊಡಲು ಅವರಿಗೆ ಎಂಟು ವಾರ ಸಮಯ ಇದೆ. ಅದು ಒಪ್ಪಿಗೆಯಾಗದಿದ್ದರೆ, ಅಥವಾ ಎಂಟು ವಾರ ಕಳೆದರೂ ಉತ್ತರ ಬರದಿದ್ದರೆ, ವಿಮೆ, ಬ್ಯಾಂಕ್ ದೂರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ಖರ್ಚಿಲ್ಲ. ಕೊನೆಯ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು. ಒಂದು ಎಚ್ಚರಿಕೆ: ಕೆಲವು ಪ್ಲಾನ್‌ಗಳು ವಿಮೆ ಅಲ್ಲ, ಬರೀ ಸರ್ವಿಸ್ ಕಾಂಟ್ರಾಕ್ಟ್. ಅವು ಓಂಬುಡ್ಸ್‌ಮನ್ ವ್ಯಾಪ್ತಿಗೆ ಬಾರದೆ ಇರಬಹುದು. ನಿಮ್ಮ ಪೇಪರಿನಲ್ಲಿ ಇದು ಇನ್ಶೂರೆನ್ಸ್ ಅಂತಲೂ, ಹೊಣೆ ಹೊತ್ತ ವಿಮಾ ಕಂಪನಿಯ ಹೆಸರೂ ಇದೆಯಾ ನೋಡಿ. ಎಂಟು ವಾರ ನೀರು ಹರಿಯಲು ಬಿಟ್ಟು ಕಾಯಬೇಕಾಗಿಲ್ಲ. ಅವರು ಲಿಖಿತವಾಗಿ ಇಲ್ಲ ಅಂದಮೇಲೆ ನೀವು ಮಾಡಿಸಿಕೊಳ್ಳಬಹುದು. ಒಡೆದ ತುಂಡು, ಬಿಲ್, ಗುಂಡಿಯ ಫೋಟೋ ಇಟ್ಟುಕೊಂಡು ದೂರನ್ನು ಮುಂದುವರಿಸಿ.

1,800 ಪೌಂಡಿನ ಹೊಸ ಪೈಪ್ ಬೇಕಾ? ವಾಟರ್ ಕಂಪನಿ ಉಚಿತವಾಗಿ ಮಾಡಿಕೊಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ. ಕೊಡದಿದ್ದರೆ, ಪೈಪ್ ಮನೆಯಷ್ಟೇ ಹಳೆಯದು ಅಂತಾದರೆ, ನಾನು ಹೊಸದರ ಕಡೆಗೇ ವಾಲುತ್ತೇನೆ. ಹಳೆಯ ಕಬ್ಬಿಣದ ಪೈಪಿನ ಒಂದು ತೂತು ಮುಚ್ಚಿದರೆ ಒತ್ತಡ ಮತ್ತೆ ಏರಿ ಪಕ್ಕದಲ್ಲೇ ಇನ್ನೊಂದು ಬಾಯಿ ಬಿಡಬಹುದು. ಪ್ಲಂಬರ್‌ಗೆ ಕೇಳಿ, ಪೂರ್ತಿ ಕಾಲುವೆ ಅಗೆಯುತ್ತೀರಾ, ಮೋಲ್ ಹಾಕುತ್ತೀರಾ? ಮೋಲ್ ಅಂದರೆ ಗಾಳಿಯ ಒತ್ತಡದಿಂದ ಮಣ್ಣನ್ನು ಕೊರೆದುಕೊಂಡು ಹೋಗುವ ಉಕ್ಕಿನ ಸಾಧನ. ಗಡಿಯಲ್ಲೊಂದು, ಮನೆಯ ಹತ್ತಿರ ಒಂದು ಗುಂಡಿ ಇದ್ದರೆ ಸಾಕು, ನಡುವಿನ ಡ್ರೈವ್‌ವೇ ಮುಟ್ಟದೆ ನೀಲಿ ಪ್ಲಾಸ್ಟಿಕ್ ಪೈಪ್ ಎಳೆಯುತ್ತಾರೆ. ಹೊಸ ಪೈಪ್ ಕನಿಷ್ಠ 750 ಮಿಲಿಮೀಟರ್ ಆಳದಲ್ಲಿರಬೇಕು, 1,350ಕ್ಕಿಂತ ಕೆಳಗೆ ಹೋಗಬಾರದು, ಇದು 1999ರ ವಾಟರ್ ಫಿಟ್ಟಿಂಗ್ಸ್ ನಿಯಮ. ಕೋಟ್‌ನಲ್ಲಿ (ಅವರು ಬರೆದುಕೊಡುವ ಅಂದಾಜು ದರದಲ್ಲಿ) ಆಳ ಬರೆಸಿಕೊಳ್ಳಿ. ವಾಟರ್‌ಸೇಫ್ ಅನ್ನುವ ಅರ್ಹ ಪ್ಲಂಬರ್‌ಗಳ ಪಟ್ಟಿಯಲ್ಲಿರುವವರಾದರೆ ಒಳ್ಳೆಯದು. ಇನ್ನೂ ಎರಡು ಕೋಟ್ ತೆಗೆದುಕೊಳ್ಳಿ.

ಪ್ಲಂಬರ್‌ಗಳು ಮರೆಯುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ನೆಲದಡಿಯ ಲೋಹದ ನೀರಿನ ಪೈಪನ್ನೇ ನಂಬಿಕೊಂಡಿರುವುದುಂಟು. ಅದನ್ನು ತೆಗೆದು ಪ್ಲಾಸ್ಟಿಕ್ ಹಾಕಿದರೆ ಅರ್ಥಿಂಗ್ ಹೋದಂತೆಯೇ. ಪೈಪ್ ಬದಲಾಯಿಸುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ. ಇದರಲ್ಲಿ ಚೌಕಾಸಿ ಬೇಡ.

ರಿಪೇರಿ ಮುಗಿದ ದಿನವೇ ಮೀಟರ್ ಫೋಟೋ ತೆಗೆದು ವಾಟರ್ ಕಂಪನಿಗೆ ಲೀಕ್ ಅಲೊವೆನ್ಸ್ ಅರ್ಜಿ ಹಾಕಿ. ಮೀಟರ್ ಇರುವ ಮನೆಗಳಿಗೆ ನೆಲದಡಿಯ ಸಪ್ಲೈ ಪೈಪ್ ಸೋರಿಕೆಯಲ್ಲಿ ಪೋಲಾದ ನೀರಿನ ಬಿಲ್ ಬಿಟ್ಟುಕೊಡುವ ವ್ಯವಸ್ಥೆ ಇದು. ಸಾಮಾನ್ಯವಾಗಿ ಮೊದಲ ಸಲಕ್ಕೆ, ಅದೂ ಗೊತ್ತಾದ ಮೇಲೆ ತಡಮಾಡದೆ ಸರಿಮಾಡಿಸಿದವರಿಗೆ. ಗಡುವು ಎಷ್ಟು ದಿನ ಅಂತ ನಿಮ್ಮ ಪತ್ರದಲ್ಲೇ ಇರುತ್ತದೆ, ಇವತ್ತೇ ನೋಡಿ. ಡ್ರೈನೇಜ್ ಚಾರ್ಜ್ ಕೂಡ ಕೇಳಿ. ಬಿಲ್ಲಿನಲ್ಲಿ ಒಳಗೆ ಬಂದ ನೀರಿನ ಲೆಕ್ಕದ ಮೇಲೇ ಹೊರಹೋಗುವ ಕೊಳೆನೀರಿಗೂ ದುಡ್ಡು ಹಾಕಿರುತ್ತಾರೆ. ನಿಮ್ಮ ನೀರು ಮಣ್ಣಿಗೆ ಹೋಯಿತು, ಡ್ರೈನೇಜಿಗೆ ಹೋಗಲಿಲ್ಲ. ಕೊಡಲು ತಕರಾರು ಮಾಡಿದರೆ, ಕಂಪನಿಗೆ ದೂರು ಕೊಟ್ಟ ಮೇಲೂ ಬಗೆಹರಿಯದಿದ್ದರೆ, ನೀರಿನ ಗ್ರಾಹಕರ ದೂರು ನೋಡುವ ಕನ್ಸ್ಯೂಮರ್ ಕೌನ್ಸಿಲ್ ಫಾರ್ ವಾಟರ್ ಅಂತ ಇದೆ, ಅಲ್ಲಿಗೆ ಬರೆಯಿರಿ.

ಕವರ್‌ಗೆ ಕಟ್ಟುವುದು ದಂಡವಾ ಅಂತ ಕೇಳಿದಿರಿ. ಚಳಿಗಾಲದ ರಾತ್ರಿ ಬಾಯ್ಲರ್ ನಿಂತರೆ, ಮೇಲಿನ ಬಾತ್‌ರೂಮ್ ಪೈಪ್ ಒಡೆದು ಸೀಲಿಂಗ್‌ನಿಂದ ನೀರು ಸುರಿದರೆ, ಆ ಹೊತ್ತಿಗೆ ಒಬ್ಬ ಮನುಷ್ಯ ಬರುತ್ತಾನಲ್ಲ, ಅದಕ್ಕೆ ಈ ಕವರ್. ಆ ಮಟ್ಟಿಗೆ ದಂಡ ಅಲ್ಲ. ನಿಮ್ಮ ಬಾಯ್ಲರ್‌ಗೆ ಬೇರೆ ಪ್ಲಾನ್ ಇದ್ದರೆ ಮಾತ್ರ ಎರಡು ಕಡೆ ಕಟ್ಟುತ್ತಿದ್ದೀರಾ ನೋಡಿಕೊಳ್ಳಿ. ಹೊಸ ಪ್ಲಾಸ್ಟಿಕ್ ಪೈಪ್ ಹಾಕಿಸಿದ ಮೇಲೆ, ಹೊರಗಿನ ಪೈಪಿಗೆ ಅಂತ ಇನ್ನೊಂದು ಕವರ್ ಮಾರಲು ಬಂದರೆ ನಾನಂತೂ ತೆಗೆದುಕೊಳ್ಳುವುದಿಲ್ಲ. ರಿಪೇರಿಯಲ್ಲೇ ನಿಲ್ಲಿಸಿದರೆ, ರಿನ್ಯೂವಲ್ ಹೊತ್ತಿಗೆ ಗಡಿಯವರೆಗಿನ ಸಪ್ಲೈ ಪೈಪ್ ಸೇರಿರುವ, ಮಿತಿ 1,000 ಪೌಂಡ್ ಇರುವ ಪಾಲಿಸಿ ಹುಡುಕಿ. ಹೊಸ ಪಾಲಿಸಿಯಲ್ಲಿ ಮೊದಲ ಕೆಲವು ದಿನ, ಹೆಚ್ಚಾಗಿ 14 ದಿನ, ಕ್ಲೇಮ್ ಮಾಡುವಂತಿರುವುದಿಲ್ಲ, ಮೊದಲೇ ಇದ್ದ ತೊಂದರೆಗೂ ಕೊಡುವುದಿಲ್ಲ. ಈಗಿನ ಸೋರಿಕೆಗೆ ಹೊಸ ಪಾಲಿಸಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.